ಕಿತ್ತಳೆ ತೋಟದೊಳಗಿನ ದೊಡ್ಡ ಮನೆ: ಹೀಯೊಸ್ ದ್ವೀಪದಲ್ಲಿ ಆರು ದಿನ

ಗ್ರೀಸ್‌ಗೆ ಹೋಗಿದ್ದೆವು ಅಂದರೆ ಸಾಕು, ಎಲ್ಲರೂ ಕೇಳುವುದು ಸಾಂತೊರಿನಿಯನ್ನೇ. ನಾವು ಅಲ್ಲಿಗೆ ಹೋಗಲಿಲ್ಲ. ಅಕ್ಕ, ನಾನು ಇಬ್ಬರೇ ಹೊರಟು, ಆರು ದಿನವನ್ನೂ ಒಂದೇ ದ್ವೀಪದಲ್ಲಿ, ಒಂದೇ ಮನೆಯಲ್ಲಿ ಕಳೆದು ಬಂದೆವು. ಅಕ್ಕನ ಮಗಳು ರಾಟರ್‌ಡ್ಯಾಮ್‌ನಲ್ಲಿ ಕೆಲಸದಲ್ಲಿದ್ದಾಳೆ. "ಚಿಕ್ಕಮ್ಮಾ, ನಿಮಗಿಬ್ಬರಿಗೂ ಹಳೇ ಮನೆ ಅಂದ್ರೆ ಆಯ್ತಲ್ಲ, ಇದನ್ನ ನೋಡಿ" ಎಂದು ಅವಳೇ ಫೋಟೊ ಕಳಿಸಿದ್ದಳು. ಕೆಂಪು ಕಲ್ಲಿನ ಎರಡಂತಸ್ತಿನ ಮನೆ, ಮುಂದೆ ಅಂಗಳ, ಅಂಗಳದ ಒಂದು ಮೂಲೆಯಲ್ಲಿ ಎತ್ತರಕ್ಕೆ ಕಟ್ಟಿದ ನೀರಿನ ತೊಟ್ಟಿ, ಅದರ ಪಕ್ಕ ಮರದ ದೊಡ್ಡ ಚಕ್ರ. ಅಕ್ಕ ಮನೆಯನ್ನು ನೋಡಲೇ ಇಲ್ಲ. ಚಕ್ರದ ಮೇಲೆ ಬೆರಳಿಟ್ಟು, "ಇದು ನೀರೆತ್ತೋದು ಕಣೇ" ಅಂದಳು. ನಮ್ಮ ಪ್ರವಾಸ ನಿಶ್ಚಯವಾದದ್ದು ಆವಾಗಲೇ.

ಇಂಗ್ಲಿಷ್ ನಕ್ಷೆಯಲ್ಲಿ ಕಿಯೋಸ್ ಎಂದು ಓದಿಕೊಳ್ಳುವ ಈ ದ್ವೀಪವನ್ನು ಅಲ್ಲಿಯವರು ಹೀಯೊಸ್ ಎನ್ನುತ್ತಾರೆ. ಈಜಿಯನ್ ಸಮುದ್ರದ ಪೂರ್ವದಂಚಿನಲ್ಲಿದೆ. ಎದುರಿಗೆ ಟರ್ಕಿಯ ದಡ. ನಡುವಿನ ನೀರು ಅತಿ ಕಿರಿದಾದ ಕಡೆ ಏಳೆಂಟು ಕಿಲೋಮೀಟರ್ ಅಷ್ಟೇ.

ಮೊದಲ ದಿನ

ಅಥೆನ್ಸ್ ಪಕ್ಕದ ಪಿರಿಯಸ್ ಬಂದರಿನಿಂದ ರಾತ್ರಿ ಹೊರಟ ಹಡಗು ಎಂಟು ತಾಸು ಸಾಗಿ ಬೆಳಗಿನ ಜಾವ ನಮ್ಮನ್ನು ಇಳಿಸಿತು. ಇನ್ನೂ ಕತ್ತಲು. ಟ್ಯಾಕ್ಸಿ ಪಟ್ಟಣ ದಾಟಿ ದಕ್ಷಿಣಕ್ಕೆ ತಿರುಗಿ ಐದಾರು ಕಿಲೋಮೀಟರ್ ಹೋಗಿರಬೇಕು, ರಸ್ತೆ ಇದ್ದಕ್ಕಿದ್ದಂತೆ ಕಿರಿದಾಯಿತು. ಎರಡೂ ಕಡೆ ಆಳೆತ್ತರವನ್ನು ಮೀರಿದ ಕಲ್ಲಿನ ಗೋಡೆ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು. ಚಾಲಕ ಕಿಟಕಿ ಇಳಿಸಿ ಏನೂ ಹೇಳದೆ ಮೂಗಿನ ಕಡೆ ಬೆರಳು ತೋರಿಸಿದ. ಕಿತ್ತಳೆ ಹೂವಿನ ವಾಸನೆ. ಏಪ್ರಿಲ್ ತಿಂಗಳು. ಗೋಡೆಯಾಚೆ ಇದ್ದದ್ದು ಏನೂ ಕಾಣುತ್ತಿರಲಿಲ್ಲ, ಆದರೆ ಗಾಡಿಯೊಳಗೆಲ್ಲ ತೋಟ ತುಂಬಿಕೊಂಡಿತ್ತು.

ಈ ಬಯಲಿನ ಹೆಸರು ಕಾಂಪೋಸ್. ಗ್ರೀಕ್‌ನಲ್ಲಿ ಆ ಮಾತಿಗೆ ಬಯಲು ಎಂದೇ ಅರ್ಥ. 1346ರಲ್ಲಿ ಇಟಲಿಯ ಜಿನೋವಾದವರು ದ್ವೀಪವನ್ನು ಹಿಡಿದರು. ಜುಸ್ತಿನಿಯಾನಿ ಎಂಬ ಹೆಸರಿಟ್ಟುಕೊಂಡ ವರ್ತಕರ ಕೂಟವೊಂದು ಇಲ್ಲಿನ ವ್ಯಾಪಾರ, ಕಂದಾಯ ಎರಡನ್ನೂ 1566ರವರೆಗೆ ನಡೆಸಿತು. ಆಮೇಲೆ ಬಂದವರು ಆಟೊಮನ್ ತುರ್ಕರು. ಜಿನೋವಾದ ಕುಲೀನರೂ ಹೀಯೊಸ್‌ನ ಹಣವಂತ ವರ್ತಕರೂ ಪಟ್ಟಣದ ಹೊರಗೆ, ನೀರು ಸಿಗುವ ಈ ಬಯಲಿನಲ್ಲಿ ತೋಟ ಮಾಡಿ ತೋಟದೊಳಗೆ ಮನೆ ಕಟ್ಟಿಕೊಂಡರು. ಅಂಥ ಮನೆಗೆ ಆರ್ಹೊಂದಿಕೊ ಎನ್ನುತ್ತಾರೆ. ನಮ್ಮಲ್ಲಿ ಊರ ಗೌಡರ ಮನೆಯನ್ನು ದೊಡ್ಡಮನೆ ಅನ್ನುವುದಿಲ್ಲವೇ, ಹಾಗೆ.

ಕಮಾನು ಬಾಗಿಲು ದಾಟಿ ಒಳಗೆ ಕಾಲಿಟ್ಟಾಗ ಬೆಳಕು ಹರಿಯುತ್ತಿತ್ತು. ಅಂಗಳಕ್ಕೆ ಹಾಸಿದ್ದದ್ದು ಕಪ್ಪು, ಬಿಳಿ ಉರುಟುಗಲ್ಲು. ಒಂದೊಂದೂ ನಿಂಬೆಹಣ್ಣಿಗಿಂತ ಚಿಕ್ಕದು. ಎಲ್ಲವನ್ನೂ ನೆಟ್ಟಗೆ ಹೂತು ಬಳ್ಳಿ, ನಕ್ಷತ್ರ ಬಿಡಿಸಿದ್ದಾರೆ. ಗೋಡೆಗಳು ಹತ್ತಿರದ ಥಿಮಿಯಾನಾ ಊರಿನ ಕಲ್ಲಿನವು. ಕೆಂಪು ಕಲ್ಲು ಒಂದು, ಹಳದಿ ಛಾಯೆಯದು ಒಂದು, ಹೀಗೆ ಕಮಾನಿನ ಸುತ್ತ ಜೋಡಿಸಿದ್ದರಿಂದ ಬಣ್ಣ ಬಳಿಯುವ ಅಗತ್ಯವೇ ಬಿದ್ದಿಲ್ಲ. ಮೇಲಂತಸ್ತಿಗೆ ಮೆಟ್ಟಿಲು ಹೊರಗಿನಿಂದ. ಕೆಳಗೆ ಹಿಂದಿನ ಕಾಲದಲ್ಲಿ ದನಕರು, ಎಣ್ಣೆ, ಕಾಳುಕಡ್ಡಿ, ಮೇಲೆ ಮನೆಯವರು. ಈಗ ಕೆಳಗಿನ ಕಲ್ಲಿನ ಕೋಣೆಗಳಲ್ಲೂ ಅತಿಥಿಗಳಿಗೆ ಹಾಸಿಗೆ ಹಾಕಿದ್ದಾರೆ.

ಮನೆಯೊಡತಿ ಅರವತ್ತರ ಆಸುಪಾಸಿನವರು. ಅಲ್ಲಿ ಹಿರಿಯ ಹೆಂಗಸರನ್ನು ಕಿರಿಯಾ ಎಂದು ಕರೆಯುವುದು ಮರ್ಯಾದೆ. ಆರು ದಿನವೂ ನಮಗೆ ಅವರು ಕಿರಿಯಾ, ಅವರಿಗೆ ನಾವಿಬ್ಬರೂ ಕಿರಿಯಾ. ಚೀಟಿ ಗೀಟಿ ನೋಡುವ ಮೊದಲು ಅವರು ಮಾಡಿದ್ದು ಒಂದೇ ಕೆಲಸ. ತಟ್ಟೆಯಲ್ಲಿ ಎರಡು ಲೋಟ ತಣ್ಣೀರು, ಎರಡು ಪುಟ್ಟ ಬಟ್ಟಲು, ಒಂದೊಂದು ಬಟ್ಟಲಲ್ಲೂ ಒಂದೊಂದು ಚಮಚ ಸಿಹಿ ತಂದಿಟ್ಟರು. ಕಹಿ ಕಿತ್ತಳೆಯ ಸಿಪ್ಪೆಯನ್ನು ಸುರುಳಿ ಸುತ್ತಿ ಸಕ್ಕರೆ ಪಾಕದಲ್ಲಿ ಬೇಯಿಸಿದ್ದು. ಚಮಚದ ಸಿಹಿ ಎಂದೇ ಅದಕ್ಕೆ ಹೆಸರು. ಹಣ್ಣು ನಮ್ಮ ಹೇರಳೆಕಾಯಿಯನ್ನು ನೆನಪಿಸುವಂಥದ್ದು. ಮೊದಲು ನಾಲಿಗೆಗೆ ಪಾಕ, ಕಚ್ಚಿದ ಮೇಲೆ ಕಹಿ, ನೀರು ಕುಡಿದ ಮೇಲೆ ಘಮ. ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ ನೀರು ಕೊಟ್ಟು ಆಮೇಲೆ ಮಾತಾಡಿಸುತ್ತಿದ್ದ ನಮ್ಮಜ್ಜಿಯ ನೆನಪು ಇಬ್ಬರಿಗೂ ಒಟ್ಟಿಗೇ ಬಂತು. ಅಕ್ಕ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು.

ಮಧ್ಯಾಹ್ನ ನಿದ್ದೆ. ಎದ್ದಾಗ ಅಕ್ಕ ಕೋಣೆಯಲ್ಲಿರಲಿಲ್ಲ. ತೊಟ್ಟಿಯ ಕಟ್ಟೆ ಮೇಲೆ ಕೂತು ನೀರಿಗೆ ಕೈ ಬಿಟ್ಟುಕೊಂಡಿದ್ದಳು.

ಎರಡನೆಯ ದಿನ

ಈ ದಿನ ಪೂರ್ತಿ ಕಾಂಪೋಸ್‌ನ ಓಣಿಗಳಲ್ಲಿ ನಡೆದೆವು. ಗೋಡೆ, ಮತ್ತೆ ಗೋಡೆ. ಅಲ್ಲಲ್ಲಿ ಒಂದೊಂದು ಕಮಾನು, ಅದರ ನೆತ್ತಿಯಲ್ಲಿ ಮನೆತನದ ಲಾಂಛನ ಕೆತ್ತಿದ ಅಮೃತಶಿಲೆ. ತೆರೆದ ಬಾಗಿಲು ಸಿಕ್ಕರೆ ಒಳಗಿನ ತೋಟ ಇಷ್ಟಗಲ ಕಾಣುತ್ತದೆ: ಕಡುಹಸಿರು ಎಲೆ, ಬಿಳಿ ಹೂ, ಕೊಯ್ಯದೆ ಉಳಿದ ಒಂದಿಷ್ಟು ಕಿತ್ತಳೆ. ಇಂಥ ತೋಟದ ಮನೆಗಳು ಈ ಬಯಲಿನಲ್ಲಿ ಸುಮಾರು ಇನ್ನೂರಿದ್ದವಂತೆ.

ಆದರೆ ಎಲ್ಲ ಬಾಗಿಲಿನ ಹಿಂದೆಯೂ ಮನೆ ಇಲ್ಲ. ಎಷ್ಟೋ ಕಡೆ ಕಮಾನು ಮಾತ್ರ ನಿಂತಿದೆ, ಒಳಗೆ ಅಂಜೂರದ ಗಿಡ ಎದ್ದು ಮೆಟ್ಟಿಲನ್ನು ಸೀಳಿದೆ. ಎರಡು ಪೆಟ್ಟು ಈ ದ್ವೀಪವನ್ನು ಮುರಿದವು. ಮೊದಲನೆಯದು 1822ರ ವಸಂತದಲ್ಲಿ. ಗ್ರೀಸ್‌ನ ಸ್ವಾತಂತ್ರ್ಯ ಹೋರಾಟದ ಕಿಡಿ ಇಲ್ಲಿಗೂ ತಾಗಿದ್ದಕ್ಕೆ ಸುಲ್ತಾನನ ಸೈನ್ಯ ಬಂದಿಳಿದು ಹತ್ತಾರು ಸಾವಿರ ಜನರನ್ನು ಕೊಂದಿತು, ಹತ್ತಾರು ಸಾವಿರ ಜನರನ್ನು ಗುಲಾಮರನ್ನಾಗಿ ಮಾರಿತು. ಉಳಿದವರು ದೋಣಿ ಹತ್ತಿ ಬೇರೆ ದ್ವೀಪಗಳಿಗೆ, ಯುರೋಪಿನ ಬಂದರುಗಳಿಗೆ ಚದುರಿದರು. ಫ್ರೆಂಚ್ ಚಿತ್ರಕಾರ ದೆಲಾಕ್ರ್ವಾ 1824ರಲ್ಲಿ ಇದನ್ನೇ ದೊಡ್ಡ ಚಿತ್ರವಾಗಿ ಬರೆದ. ಈಗ ಅದು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಎರಡನೆಯ ಪೆಟ್ಟು 1881ರ ಏಪ್ರಿಲ್‌ನ ಭೂಕಂಪ. ಸಾವಿರಾರು ಜನ ಸತ್ತರು, ಕಾಂಪೋಸ್‌ನ ಮನೆಗಳ ಮೇಲಂತಸ್ತು ಸಾಲುಸಾಲಾಗಿ ಕುಸಿಯಿತು. ನಾವಿದ್ದ ಮನೆಯಲ್ಲೇ ನೋಡಿ, ಕೆಳಗಿನ ಗೋಡೆಯ ಕಲ್ಲು ಒಂದು ಅಳತೆಯದು, ಮೇಲಿನದು ಇನ್ನೊಂದು ಅಳತೆಯದು. ಮೇಲಿನದನ್ನು ತನ್ನ ಗಂಡನ ಮುತ್ತಜ್ಜ ಭೂಕಂಪದ ನಂತರ ಕಟ್ಟಿಸಿದ್ದು ಎಂದರು ಕಿರಿಯಾ. ಆ ಸೇರಿದ ಗೆರೆ ನನ್ನ ಭುಜದ ಎತ್ತರದಲ್ಲಿ ಮನೆಯ ಸುತ್ತ ಓಡುತ್ತದೆ. ಅದನ್ನು ಮುಚ್ಚುವುದಕ್ಕೆ ಅವರು ಗಾರೆ ಹಚ್ಚಿಲ್ಲ. ಹಚ್ಚದೆ ಬಿಟ್ಟದ್ದು ಎಷ್ಟು ಒಳ್ಳೆಯದಾಯಿತು ಎಂದು ಆ ಗೋಡೆಯನ್ನು ನೋಡಿದಾಗಲೆಲ್ಲ ಅನ್ನಿಸುತ್ತಿತ್ತು.

ಈ ಓಣಿಗಳ ನಡುವೆ ನಿಂಬೆ ಜಾತಿಯ ಹಣ್ಣುಗಳಿಗೇ ಮೀಸಲಾದ ವಸ್ತುಸಂಗ್ರಹಾಲಯವೊಂದಿದೆ, ಅದೂ ಹಳೆಯ ತೋಟದ ಮನೆಯೊಳಗೆ. 1850ರಲ್ಲಿ ಬಿದ್ದ ಹಿಮ ಇಲ್ಲಿನ ತೋಟಗಳನ್ನು ಸುಟ್ಟುಹಾಕಿತ್ತು. ಮತ್ತೆ ನೆಟ್ಟಾಗ ಜನ ಮ್ಯಾಂಡರಿನ್ ಎಂಬ ಕಿತ್ತಳೆಯ ಕಡೆ ಹೆಚ್ಚು ವಾಲಿದರು. ಸಿಪ್ಪೆ ಸಡಿಲ, ಬೀಜ ಜಾಸ್ತಿ, ಪರಿಮಳ ಅದಕ್ಕಿಂತ ಜಾಸ್ತಿ. ಒಂದೊಂದು ಹಣ್ಣನ್ನೂ ಅಚ್ಚು ಹಾಕಿದ ತೆಳು ಕಾಗದದಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟು ಹಡಗಿಗೆ ಕಳಿಸುತ್ತಿದ್ದರು. ಆ ಕಾಗದಗಳನ್ನು ನಾನು ತುಂಬ ಹೊತ್ತು ನೋಡಿದೆ. ತಿನ್ನುವವರು ಬಿಚ್ಚಿ ಬಿಸಾಡುವ ಕಾಗದಕ್ಕೆ ಅಷ್ಟೊಂದು ಕೈಕುಸುರಿ! ಹೀಯೊಸ್‌ನ ಮ್ಯಾಂಡರಿನ್‌ಗೆ ಯುರೋಪಿನ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ, ನಮ್ಮ ಕೊಡಗಿನ ಕಿತ್ತಳೆಗೆ ಇರುವ ಹಾಗೆ. ಕೊಡಗಿನದೂ ಸಡಿಲ ಸಿಪ್ಪೆಯ ಅದೇ ಬಳಗ. ಅಕ್ಕ ಅಲ್ಲಿದ್ದ ಹುಡುಗಿಗೆ ಇದನ್ನು ಹೇಳಿದಾಗ ಆಕೆ ಕೊಡಗು ಎಂಬ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಳು.

ಮೂರನೆಯ ದಿನ

ಅಕ್ಕ ಸಸ್ಯಾಹಾರಿ. ಅದರ ಚಿಂತೆ ನನಗಿತ್ತು, ಇಲ್ಲಿ ಬೇಕಿರಲಿಲ್ಲ. ನಿಂಬೆರಸ, ಆಲಿವ್ ಎಣ್ಣೆ ಹಾಕಿದ ಬೇಯಿಸಿದ ಸೊಪ್ಪು, ಟೊಮೆಟೊ ರಸದಲ್ಲಿ ಬೆಂದ ದಪ್ಪ ಬಿಳಿ ಅವರೆಯಂಥ ಕಾಳು, ಟೊಮೆಟೊ ಕಲಸಿ ಕರಿದ ಬೋಂಡ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಈ ದಿನದ ವಿಷಯ ಬೇರೆ.

ದ್ವೀಪದ ದಕ್ಷಿಣ ಭಾಗದಲ್ಲಿ ಮಸ್ತೀಹಾ ಹಳ್ಳಿಗಳಿವೆ, ಇಪ್ಪತ್ತನಾಲ್ಕು. ಮಸ್ತೀಹಾ ಎಂದರೆ ಒಂದು ಪೊದೆಮರದ ಅಂಟು. ಮರದ ಸಸ್ಯಶಾಸ್ತ್ರದ ಹೆಸರು ಪಿಸ್ತಾಸಿಯಾ ಲೆಂಟಿಸ್ಕಸ್. ನಾವು ತಿನ್ನುವ ಪಿಸ್ತಾದ ಕುಲ. ಮರ ಮೆಡಿಟರೇನಿಯನ್ ಸುತ್ತ ಎಲ್ಲೆಲ್ಲೂ ಬೆಳೆಯುತ್ತದೆ. ಆದರೆ ಹೀಗೆ ಹರಳುಗಟ್ಟುವ ಅಂಟನ್ನು ಇಳಿಸಿ ಸಾಗುವಳಿ ಮಾಡುವುದು ಹೀಯೊಸ್‌ನ ದಕ್ಷಿಣದಲ್ಲೇ. ಕೊಲಂಬಸ್ 1493ರಲ್ಲಿ ತನ್ನ ಸಮುದ್ರಯಾನದ ಬಗ್ಗೆ ಬರೆದ ಪತ್ರದಲ್ಲೂ ಇದರ ಮಾತು ಬರುತ್ತದೆ: ಇದುವರೆಗೆ ಮಸ್ತೀಹಾ ಸಿಕ್ಕಿರುವುದು ಈ ದ್ವೀಪದಲ್ಲಿ ಮಾತ್ರ, ಜಿನೋವಾದವರು ತಾವು ಹೇಳಿದ ಬೆಲೆಗೆ ಮಾರುತ್ತಾರೆ ಎಂದು.

ಆ ಹೆಸರು ಕೇಳಿದ ಕೂಡಲೇ ಅಕ್ಕ, "ರೂಮಿ ಮಸ್ತಗಿ ಅಲ್ವೇನೇ ಇದು!" ಎಂದಳು. ಹೌದು, ಅದೇ. ಅಪ್ಪನಿಗೆ ಹೊಟ್ಟೆಯ ತೊಂದರೆ ಹೆಚ್ಚಿದಾಗ ಶಿವಾಜಿನಗರದ ಹಕೀಮರೊಬ್ಬರು ಬರೆದುಕೊಟ್ಟ ಚೀಟಿಯಲ್ಲಿ ಈ ಹೆಸರಿತ್ತು. ಯುನಾನಿ ಅಂಗಡಿಯಲ್ಲಿ ಸಣ್ಣ ಡಬ್ಬಿಯಿಂದ ತಕ್ಕಡಿಗೆ ಹಾಕಿ ಬಹಳ ಜೋಪಾನವಾಗಿ ತೂಗಿ ಕೊಟ್ಟಿದ್ದರಂತೆ. ರೂಮಿ ಎಂದರೆ ರೂಮ್ ದೇಶದ್ದು. ಕಾನ್‌ಸ್ಟಾಂಟಿನೋಪಲ್ ಸುತ್ತಲಿನ ಈ ಸೀಮೆಯನ್ನು ಪೂರ್ವದವರು ಕರೆಯುತ್ತಿದ್ದುದೇ ರೂಮ್ ಎಂದು. ನಲವತ್ತು ವರ್ಷದ ಹಿಂದೆ ಅಪ್ಪನ ಕೈಯಲ್ಲಿದ್ದ ಪೊಟ್ಟಣದ ಊರಿಗೇ ಬಂದು ನಿಂತಿದ್ದೆವು.

ಮರ ನೋಡಿದರೆ ಅಂಥ ಬೆಲೆಬಾಳುವಂಥದ್ದು ಅನ್ನಿಸುವುದಿಲ್ಲ. ಗಿಡ್ಡ, ಸೊಟ್ಟ, ನೆಲದ ಕಡೆಗೇ ಬಾಗಿದ ಕಾಂಡ. ಬೇಸಿಗೆಯಲ್ಲಿ ಬುಡದ ನೆಲವನ್ನು ಗುಡಿಸಿ ಸಮ ಮಾಡಿ, ಸುಣ್ಣದ ಬಿಳಿ ಮಣ್ಣನ್ನು ಹರಡುತ್ತಾರೆ. ಆಮೇಲೆ ಚೂಪಾದ ಉಪಕರಣದಿಂದ ತೊಗಟೆಗೆ ಸಣ್ಣ ಸಣ್ಣ ಗೀರು. ಗೀರಿನಿಂದ ಒಸರುವ ಅಂಟು ಹನಿಹನಿಯಾಗಿ ಆ ಬಿಳಿ ನೆಲದ ಮೇಲೆ ಬೀಳುತ್ತದೆ, ಎರಡು ಮೂರು ವಾರದಲ್ಲಿ ಗಟ್ಟಿಯಾಗುತ್ತದೆ. ಆ ಹನಿಗೆ ಅವರು ಹೇಳುವುದು ದಾಕ್ರಿ, ಅಂದರೆ ಕಣ್ಣೀರು. ಇಸಿದೋರ್ ಎಂಬ ಸಂತನನ್ನು ಹಿಂಸಿಸಿ ಕೊಂದಾಗ ಮರಗಳೇ ಅತ್ತವು ಎಂಬುದು ಇಲ್ಲಿನ ಕಥೆ.

ನಾವು ಹೋದದ್ದು ಗೀರು ಹಾಕುವ ಕಾಲವಲ್ಲ. ಆದರೆ ಆರಿಸುವ ಕೆಲಸ ಚಳಿಗಾಲ ಹಿಡಿದು ವಸಂತದವರೆಗೂ ಮನೆಮನೆಯಲ್ಲಿ ನಡೆಯುತ್ತದೆ. ಪಿರ್ಗಿ ಎಂಬ ಹಳ್ಳಿಯಲ್ಲಿ ಬಾಗಿಲ ಬಳಿ ಮೂವರು ಅಜ್ಜಿಯರು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕೂತಿದ್ದರು. ಒಬ್ಬರು ನಮ್ಮನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹನಿಯನ್ನು ನನ್ನ ಅಂಗೈಗೆ ಹಾಕಿದರು. ಕಡಲೆಕಾಳಿಗಿಂತ ಚಿಕ್ಕದು, ಮಂಜುಗಟ್ಟಿದ ಗಾಜಿನಂತೆ ಅರೆಪಾರದರ್ಶಕ. ಒಂದು ಮಗ್ಗುಲಿಗೆ ಮಣ್ಣಿನ ಕಣ ಅಂಟಿತ್ತು. ಅಜ್ಜಿ ಪುಟ್ಟ ಚಾಕುವಿನ ತುದಿಯಿಂದ ಆ ಕಣವೊಂದನ್ನೇ ಕೆರೆದು ತೆಗೆದರು, ಹನಿಗೆ ಗೀರು ಬೀಳಲಿಲ್ಲ. ಇದನ್ನು ಜರಡಿ ಹಿಡಿದು, ತಣ್ಣೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಆಮೇಲೆ ಹೀಗೆ ಒಂದೊಂದನ್ನೇ ಕೆರೆಯಬೇಕು. ಒಂದು ಮರದಿಂದ ವರ್ಷಕ್ಕೆ ಸಿಗುವುದು ಇನ್ನೂರು ಗ್ರಾಮಿನೊಳಗೆ. ಬಾಯಿಗೆ ಹಾಕಿಕೊಳ್ಳಿ ಎಂದು ಸನ್ನೆ ಮಾಡಿದರು. ಮೊದಲು ಪುಡಿಪುಡಿಯಾಯಿತು, ಕಹಿ, ಹಲ್ಲಿಗೆಲ್ಲ ಮೆತ್ತಿತು. ಅಜ್ಜಿ ಉಗುಳಬೇಡ ಎಂದು ಬೆರಳಾಡಿಸಿದರು. ಸ್ವಲ್ಪ ಹೊತ್ತಿಗೆ ಪುಡಿ ಒಂದಾಗಿ ಮೃದುವಾಯಿತು, ಬಾಯೆಲ್ಲ ತಂಪಾದ ಕಾಡಿನ ವಾಸನೆ. ಸಂಜೆಯವರೆಗೂ ಅದು ಹೋಗಲಿಲ್ಲ.

ಬೆಳೆಗಾರರ ಸಹಕಾರ ಸಂಘ 1938ರಿಂದ ಇದೆ. ಮಸ್ತೀಹಾ ಬೆಳೆಯುವ ಈ ತಿಳಿವಳಿಕೆಯನ್ನು ಯುನೆಸ್ಕೊ 2014ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2012ರ ಆಗಸ್ಟ್‌ನಲ್ಲಿ ಹಬ್ಬಿದ ಕಾಡ್ಗಿಚ್ಚು ಅಸಂಖ್ಯ ಮರಗಳನ್ನು ಸುಟ್ಟಿತ್ತು. ದಾರಿಯಲ್ಲಿ ಮೊಣಕಾಲೆತ್ತರದ ಸಸಿಗಳ ಸಾಲು ಕಂಡಾಗಲೆಲ್ಲ ಮನಸ್ಸಿಗೆ ಸಮಾಧಾನ.

ಪಿರ್ಗಿಯ ಮನೆಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನೆಲದಿಂದ ಸೂರಿನವರೆಗೆ ಗೋಡೆಯೆಲ್ಲ ಕಪ್ಪು ಬಿಳುಪಿನ ಚೌಕ, ತ್ರಿಕೋನ, ಚಂದ್ರ. ಕಪ್ಪು ಛಾಯೆಯ ಮರಳಿನ ಗಾರೆ ಬಳಿದು, ಅದರ ಮೇಲೆ ಸುಣ್ಣ ಹೊಡೆದು, ಸುಣ್ಣ ಹಸಿಯಿದ್ದಾಗಲೇ ಅಳತೆ ಹಾಕಿ ಫೋರ್ಕ್‌ನಿಂದ ಕೆರೆಯುತ್ತಾರೆ. ಈ ಕೆಲಸಕ್ಕೆ ಕ್ಸಿಸ್ತಾ ಎನ್ನುತ್ತಾರೆ, ಕೆರೆದದ್ದು ಎಂದರ್ಥ. ನಾವು ರಂಗೋಲಿಯಲ್ಲಿ ಪುಡಿ ಇಟ್ಟು ಗೆರೆ ಮೂಡಿಸುತ್ತೇವೆ. ಇವರು ಬಿಳುಪನ್ನು ತೆಗೆದು ಮೂಡಿಸುತ್ತಾರೆ. ಮೇಲಿನ ಮೊಗಸಾಲೆಯಿಂದ ಒಣಗಿದ ಚಿಕ್ಕ ಟೊಮೆಟೊ ಗೊಂಚಲು ನೇತಾಡುತ್ತಿದ್ದವು. ಮುಂದೆ ಮೆಸ್ತಾ ಎಂಬ ಕೋಟೆಹಳ್ಳಿ: ಮನೆಗೆ ಮನೆ ಅಂಟಿಸಿ, ಹೊರಸಾಲಿನ ಮನೆಗಳ ಹಿಂಗೋಡೆಯನ್ನೇ ಊರಗೋಡೆ ಮಾಡಿದ್ದಾರೆ. ಕಡಲುಗಳ್ಳರ ಭಯ. ಓಣಿಗಳ ಮೇಲೂ ಕಮಾನು ಕಟ್ಟಿ ಮನೆ ಹಾಯಿಸಿದ್ದರಿಂದ ಹಗಲಲ್ಲೂ ತಂಪು ಕತ್ತಲೆ.

ನಾಲ್ಕನೆಯ ದಿನ

ಬೆಟ್ಟದ ಮೇಲಿನ ನೆಯಾ ಮೊನಿ ಮಠಕ್ಕೆ ಹೋದೆವು. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಬೈಝಾಂಟಿಯಂನ ಚಕ್ರವರ್ತಿ ಒಂಬತ್ತನೆಯ ಕಾನ್‌ಸ್ಟಂಟೈನ್ ಕಟ್ಟಿಸಿದ್ದು. ಒಳಗೆ ಚಿನ್ನದ ಹಿನ್ನೆಲೆಯ ಮೊಸಾಯಿಕ್ ಚಿತ್ರಗಳು. ಒಂದರಲ್ಲಿ ಯೇಸು ಪಾತಾಳಕ್ಕಿಳಿದು ಆದಮನ ಮಣಿಕಟ್ಟು ಹಿಡಿದು ಮೇಲಕ್ಕೆಳೆಯುತ್ತಿದ್ದಾನೆ. ಅಂಗೈ ಹಿಡಿದಿಲ್ಲ, ಮಣಿಕಟ್ಟು. ಮುಳುಗುತ್ತಿರುವವರನ್ನು ನಾವು ಹಿಡಿಯುವುದೂ ಹಾಗೇ ತಾನೆ. ಬಾಗಿಲ ಪಕ್ಕದ ಪುಟ್ಟ ಗುಡಿಯಲ್ಲಿ ಗಾಜಿನ ಕಪಾಟು, ಅದರೊಳಗೆ ತಲೆಬುರುಡೆಗಳು. 1822ರಲ್ಲಿ ಈ ಮಠಕ್ಕೆ ಓಡಿ ಬಂದು ಆಶ್ರಯ ಪಡೆದವರದು. ಮಕ್ಕಳದ್ದೂ ಇವೆ. ಅಕ್ಕ ಚಪ್ಪಲಿ ಕಳಚಿ ಕೈಮುಗಿದಳು. 1881ರಲ್ಲಿ ಈ ಮಠದ ಗುಮ್ಮಟವೂ ಕುಸಿದಿತ್ತು. ಈಗಿರುವುದು ಮತ್ತೆ ಕಟ್ಟಿದ್ದು. 1990ರಿಂದ ಇದು ವಿಶ್ವ ಪರಂಪರೆಯ ತಾಣ.

ಮುಂದೆ ಬಂಡೆಯ ತುದಿಯಲ್ಲಿ ಅನಾವತೊಸ್ ಎಂಬ ಪಾಳು ಹಳ್ಳಿ. ಮೇಲೆ ಹತ್ತಲಿಲ್ಲ. ಕೆಳಗೆ ನಿಂತು ನೋಡಿದೆವು, ಹಿಂತಿರುಗಿದೆವು. ಆ ರಾತ್ರಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಐದನೆಯ ದಿನ

ಈ ರಾತ್ರಿ ಹಡಗು ಹತ್ತಬೇಕಿತ್ತು. ಬೆಳಗ್ಗೆಯೇ ಉತ್ತರದ ಗಾಳಿ ಎದ್ದಿತು. ತಿಂಡಿ ತರುತ್ತಾ ಕಿರಿಯಾ, "ಅಪಗೊರೆಫ್ತಿಕೊ" ಎಂದರು. ಗಾಳಿ ಮಿತಿ ಮೀರಿದರೆ ಹಡಗು ಹೊರಡದಂತೆ ತಡೆಯುತ್ತಾರೆ. ಆ ತಡೆಗೆ ಈ ಹೆಸರು. ದ್ವೀಪದವರಿಗೆ ಇದು ನಿತ್ಯದ ಮಾತು. ಅಕ್ಕನ ಮಗಳಿಗೆ ಫೋನ್ ಮಾಡಿ ಅಥೆನ್ಸ್‌ನ ಕೋಣೆಯನ್ನು ಒಂದು ದಿನ ಮುಂದೂಡಿಸಿದೆವು.

ಈ ಗಾಳಿ ಬೀಸದಿದ್ದರೆ ಕಾಂಪೋಸ್‌ನ ಗೋಡೆಗಳು ನಮಗೆ ಅರ್ಥವಾಗುತ್ತಿರಲಿಲ್ಲ. ಓಣಿಗೆ ಹೋದರೆ ಧೂಳು ಕಣ್ಣಿಗೆ ಹೊಡೆಯುತ್ತಿತ್ತು, ತಲೆಯ ಮೇಲೆ ಗಾಳಿ ಹೂಂಕರಿಸುತ್ತಿತ್ತು. ಬಾಗಿಲು ಹಾಕಿಕೊಂಡು ತೋಟಕ್ಕಿಳಿದರೆ ಮರದ ತುದಿ ಮಾತ್ರ ಅಲುಗುತ್ತಿದೆ, ಕೆಳಗಿನ ಕೊಂಬೆಯ ಹೂ ಹಾಗೇ ಇದೆ. ಗೋಡೆ ಎತ್ತಿದ್ದು ಸಿರಿವಂತಿಕೆ ಮರೆಮಾಡಲಿಕ್ಕೆ ಎಂದುಕೊಂಡಿದ್ದೆ. ಹೂವಿಗಾಗಿ ಎತ್ತಿದ್ದು.

ಮಧ್ಯಾಹ್ನದ ಮೇಲೆ ಕಿರಿಯಾ ನಮ್ಮನ್ನು ಚಕ್ರದ ಬಳಿ ಕರೆದೊಯ್ದರು. ಅದಕ್ಕೆ ಮಾಂಗನೊಸ್ ಎಂದು ಹೆಸರು. ಬಾವಿಯ ಮೇಲೆ ಹಲ್ಲುಗಳಿರುವ ಅಡ್ಡ ಚಕ್ರ, ಅದಕ್ಕೆ ಕಚ್ಚಿಕೊಂಡ ನಿಲುವಿನ ಚಕ್ರ, ಅದರಿಂದ ಬಾವಿಗೆ ಇಳಿಬಿಟ್ಟ ಡಬ್ಬಗಳ ಸರಪಳಿ. ಅಡ್ಡ ಚಕ್ರಕ್ಕೆ ಸಿಕ್ಕಿಸಿದ ಉದ್ದ ತೊಲೆಗೆ ಕತ್ತೆ ಕಟ್ಟಿ ಸುತ್ತಿಸುತ್ತಿದ್ದರು. ಡಬ್ಬ ಮೇಲೆ ಬಂದು ಮಗುಚಿದಾಗ ನೀರು ದೋಣಿಗೆ, ದೋಣಿಯಿಂದ ಸ್ತೆರ್ನಾ ಎನ್ನುವ ಆ ಎತ್ತರದ ತೊಟ್ಟಿಗೆ, ತೊಟ್ಟಿಯಿಂದ ಕಲ್ಲಿನ ಕಾಲುವೆಗಳಲ್ಲಿ ಮರಮರಕ್ಕೆ. ತೊಟ್ಟಿಯ ಸುತ್ತ ಅಮೃತಶಿಲೆಯ ಕಂಬ ನಿಲ್ಲಿಸಿ ದ್ರಾಕ್ಷಿ ಚಪ್ಪರ ಹಾಕಿದ್ದಾರೆ. ಬೇಸಿಗೆಯ ಸಂಜೆ ಮನೆಯವರೆಲ್ಲ ಅಲ್ಲೇ. ಮನೆಯ ಅತಿ ಚೆಂದದ ಕೆತ್ತನೆ ಪಡಸಾಲೆಯಲ್ಲಿಲ್ಲ, ತೊಟ್ಟಿಯ ಮೇಲಿದೆ. ಇಡೀ ಮನೆತನ ನಿಂತದ್ದು ಯಾವುದರ ಮೇಲೆ ಎಂದು ಕಟ್ಟಿಸಿದವರಿಗೆ ಗೊತ್ತಿತ್ತು.

ಈಗ ನೀರೆತ್ತುವುದು ವಿದ್ಯುತ್ ಪಂಪು. ಆದರೂ ಮನೆ ದುರಸ್ತಿ ಮಾಡಿಸಿದಾಗ ಚಕ್ರವನ್ನೂ ಬಡಗಿಯಿಂದ ರಿಪೇರಿ ಮಾಡಿಸಿದ್ದಾರೆ. "ತಳ್ಳಿ ನೋಡ್ತೀರಾ?" ಎಂದರು. ಅಕ್ಕ ಸೆರಗು ಸಿಕ್ಕಿಸಿ ತೊಲೆಗೆ ಎದೆಗೊಟ್ಟಳು, ನಾನೂ ಸೇರಿದೆ. ಮೊದಲು ಕದಲಲಿಲ್ಲ. ಆಮೇಲೆ ಕಿರ್ರೆಂದು ಒಂದು ಸುತ್ತು, ಇನ್ನೊಂದು ಅರ್ಧ ಸುತ್ತು. ಬಾವಿಯೊಳಗೆ ಡಬ್ಬಗಳು ಗಡಗಡ ಎಂದವು, ಮೊದಲನೆಯದು ಮೇಲೆ ಬಂದು ಮಗುಚಿ ದೋಣಿಗೆ ನೀರು ಬಿತ್ತು.

ಅಕ್ಕ ಅಲ್ಲೇ ನಿಂತಳು. ಕೋಲಾರದ ಕಡೆ ನಮ್ಮ ತಾತನದು ಕಪಿಲೆ ಬಾವಿ. ಜೋಡಿ ಎತ್ತು ಇಳಿಜಾರಲ್ಲಿ ಇಳಿಯುವಾಗ ಮಿಣಿ ಬಿಗಿದು ಬಾನಿ ಮೇಲೇರುವುದು, ದೋಣಿಗೆ ನೀರು ಧೊಪ್ಪನೆ ಬೀಳುವುದು, ತಾತ ಮಿಣಿಯ ಮೇಲೆ ಕೂತು ಹಾಡುತ್ತಿದ್ದುದು, ಇವೆಲ್ಲ ಅಕ್ಕನಿಗೆ ಚೆನ್ನಾಗಿ ನೆನಪಿದೆ, ನನಗೆ ಮಸುಕು. ಆ ಬಾವಿ ಬತ್ತಿ, ಸುತ್ತ ಸಾವಿರ ಅಡಿ ದಾಟಿದ ಕೊಳವೆಬಾವಿಗಳಾದವು. ಮನೆಯನ್ನು ಪಾಲಾದ ಮೇಲೆ ಕೆಡವಿದರು. ಕಂಬಗಳು ಯಾರಿಗೋ ಮಾರಾಟವಾದವು. "ಒಂದು ರಾಟೆ ಆದ್ರೂ ಇಟ್ಕೋಬೇಕಿತ್ತು ಕಣೇ" ಎಂದಳು ಅಕ್ಕ. ನಾನು ಏನೂ ಹೇಳಲಿಲ್ಲ. ಕಿರಿಯಾಗೆ ನಮ್ಮ ಮಾತು ತಿಳಿಯದು, ಆದರೂ ಅಕ್ಕನ ಬೆನ್ನ ಮೇಲೆ ಕೈಯಿಟ್ಟು ನಿಂತುಕೊಂಡರು.

ಆರನೆಯ ದಿನ

ಗಾಳಿ ನಿಂತಿತು, ರಾತ್ರಿ ಹಡಗಿದೆ ಎಂಬ ಸುದ್ದಿ ಬಂತು. ಸಂಜೆ ಕಿರಿಯಾ ಗಂಡ ತೋಟಕ್ಕೆ ನೀರು ಬಿಟ್ಟರು. ಆ ವರ್ಷ ಮಳೆ ಬೇಗ ನಿಂತಿತ್ತಂತೆ. ತೊಟ್ಟಿಯ ಬೂಚು ತೆಗೆದ ಕೂಡಲೇ ನೀರು ಕಲ್ಲಿನ ಕಾಲುವೆಯಲ್ಲಿ ಒಣ ಎಲೆ, ಉದುರಿದ ಹೂ ತಳ್ಳಿಕೊಂಡು ಓಡಿತು. ಅವರು ಗುದ್ದಲಿಯಿಂದ ಮಣ್ಣು ಸರಿಸಿ ಮೊದಲ ಮರದ ಪಾತಿಗೆ ತಿರುಗಿಸಿದರು. ಪಾತಿ ತುಂಬುತ್ತಾ ಬಂದಾಗ ಬಾಯಿ ಮುಚ್ಚಿ ಮುಂದಿನದಕ್ಕೆ.

ಮೂರನೆಯ ಪಾತಿಯ ಹೊತ್ತಿಗೆ ಅಕ್ಕ ಕೈ ಚಾಚಿದಳು. ಅವರು ಒಂದು ಕ್ಷಣ ನೋಡಿ ಗುದ್ದಲಿ ಕೊಟ್ಟರು. ನೀರು ಕಟ್ಟುವುದು ಅಕ್ಕನಿಗೆ ಹತ್ತು ವರ್ಷದ ಹುಡುಗಿಯಿಂದ ಗೊತ್ತು. ಪಾತಿ ಪೂರ್ತಿ ತುಂಬುವ ಮೊದಲೇ ಮುಚ್ಚಬೇಕು, ಕಾಲುವೆಯಲ್ಲಿ ಉಳಿದ ನೀರು ತಾನೇ ಅದನ್ನು ತುಂಬಿಸುತ್ತದೆ. ಅಕ್ಕ ಹಾಗೇ ಮಾಡಿದಳು. ಅವರು ತಲೆಯಾಡಿಸಿ ಇನ್ನೊಂದು ಸಾಲಿಗೆ ಹೋದರು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಒಂದು ಸಾಲು ಅವರದು, ಒಂದು ಸಾಲು ಅಕ್ಕನದು. ಕಿರಿಯಾ, ನಾನು ತೊಟ್ಟಿಯ ಕಟ್ಟೆ ಮೇಲೆ ಕೂತು ನೋಡುತ್ತಿದ್ದೆವು.

ಕೊನೆಯ ಮರಕ್ಕೆ ನೀರು ಮುಟ್ಟುವಾಗ ಕತ್ತಲಾಗಿತ್ತು, ಟ್ಯಾಕ್ಸಿ ಬಾಗಿಲಲ್ಲಿ ನಿಂತಿತ್ತು. ಅಕ್ಕ ದೋಣಿಯಲ್ಲಿ ಕಾಲು ತೊಳೆದು, ಗುದ್ದಲಿಯನ್ನೂ ತೊಳೆದು ಗೋಡೆಗೆ ಒರಗಿಸಿ ಬಂದಳು.